ಮೂರು ವರ್ಷದ ಮಗಳು, ಒಂಬತ್ತರ ಮಗ, ಮೊಣಕಾಲು ನೋವಿನ ಅತ್ತೆ: ಕಡಲೆಕಾಯಿ ಪರಿಷೆಗೆ ಹೋಗೋದು ಹೇಗೆ?

ಪ್ರಶ್ನೆ: ನಾವು ವೈಟ್‌ಫೀಲ್ಡ್ ಕಡೆ ಇರುವವರು. ಹೋದ ವರ್ಷ ಮೊದಲ ಸಲ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿದ್ದೆವು. ಸೋಮವಾರ ಸಂಜೆ ಏಳು ಗಂಟೆ. ಕಾಲಿಡೋಕೂ ಜಾಗ ಇರಲಿಲ್ಲ. ಚಿಕ್ಕ ಮಗಳು ಅತ್ತು ಅತ್ತು ಸುಸ್ತಾದಳು. ಒಂಬತ್ತು ವರ್ಷದ ಮಗ ಅರ್ಧ ಗಂಟೆಗೇ "ಬೋರು" ಅಂದ. ಅತ್ತೆಗೆ ಮೊಣಕಾಲು ನೋವು. ಎರಡು ಸೇರು ಕಡಲೆಕಾಯಿ ಕೊಂಡು ವಾಪಸ್ ಬಂದೆವು. "ಇದನ್ನ ನಮ್ಮ ರಸ್ತೆಯ ಗಾಡಿಯಲ್ಲೇ ತಗೋಬಹುದಿತ್ತು" ಅನ್ನುತ್ತಾರೆ ನಮ್ಮ ಯಜಮಾನರು. ಮಗಳಿಗೆ ಈಗ ಮೂರು ವರ್ಷ. ಮಕ್ಕಳನ್ನು ಕರೆದುಕೊಂಡು ಹೋದರೆ ಅಲ್ಲಿ ಮಾಡೋಕೆ ನಿಜವಾಗಿ ಏನಾದರೂ ಇದೆಯಾ?

ಉತ್ತರ: ಮೊದಲು ನಿಮ್ಮ ಯಜಮಾನರ ಮಾತಿಗೆ ಉತ್ತರ ಕೊಟ್ಟುಬಿಡುತ್ತೇನೆ. ಎರಡು ಸೇರು ಕಡಲೆಕಾಯಿ ಅಷ್ಟೇ ಬೇಕಿದ್ದರೆ ಅವರು ಹೇಳಿದ್ದು ಸರಿ. ಅಷ್ಟಕ್ಕೆ ಊರಿನ ಆ ತುದಿಯಿಂದ ಈ ತುದಿಗೆ ಬರಬೇಕಾಗಿಲ್ಲ.

ನಾನು ಬಸವನಗುಡಿಯಲ್ಲೇ ಹುಟ್ಟಿ ಬೆಳೆದು, ಈಗ ಮಕ್ಕಳ ಗುಂಪುಗಳಿಗೆ ಊರು ತೋರಿಸುವ ಕೆಲಸ ಮಾಡುತ್ತೇನೆ. ಪರಿಷೆಗೆ ಎಷ್ಟು ಸಲ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ನಿಮ್ಮ ಹಾಗೆ ಬೇಸತ್ತು ಬಂದವರು ಪ್ರತಿ ವರ್ಷ ಸಿಗುತ್ತಾರೆ. ಬಹಳ ಜನ ಮಾಡುವ ತಪ್ಪು ಒಂದೇ. ಮಾಲ್‌ನಲ್ಲಿ ನಡೆಯುವ ಆಹಾರ ಮೇಳ ನೋಡಿ ಬಂದವರು ಇಲ್ಲೂ ಮಕ್ಕಳಿಗೆ ಅಂತ ಒಂದು ಮೂಲೆ, ಬಣ್ಣ ಹಚ್ಚೋ ಮೇಜು, ಮೈಕ್ ಹಿಡಿದು ಕೂಗೋ ಒಬ್ಬ ಅಣ್ಣ ಇರುತ್ತಾರೆ ಅಂದುಕೊಳ್ಳುತ್ತಾರೆ. ಪರಿಷೆ ಹಾಗಲ್ಲ. ಅದು ಒಂದು ರಸ್ತೆ, ಎರಡೂ ಬದಿಗೆ ಕಡಲೆಕಾಯಿ ರಾಶಿ. ಮಕ್ಕಳ ಆಟ ಇರೋದು ಆ ರಾಶಿಯ ಮುಂದೆಯೇ. ರುಚಿ ನೋಡೋದು, ಬೆಲೆ ಕೇಳೋದು, ಚೌಕಾಸಿ ಮಾಡೋದು, ಅಳೆಸಿಕೊಳ್ಳೋದು, ಸುಲಿಯೋದು. ಇದನ್ನೆಲ್ಲ ದೊಡ್ಡವರೇ ಮಾಡಿ ಮಕ್ಕಳನ್ನು ಪಕ್ಕದಲ್ಲಿ ಕೈ ಹಿಡಿದು ನಿಲ್ಲಿಸಿಕೊಂಡರೆ ಅವರಿಗೆ ಬೇಜಾರಾಗದೆ ಇನ್ನೇನಾಗುತ್ತೆ?

ಹೊತ್ತಿನ ವಿಷಯಕ್ಕೆ ಬರೋಣ, ಯಾಕಂದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಪರಿಷೆ ಕಾರ್ತಿಕ ಮಾಸದ ಕಡೇ ಸೋಮವಾರ. ಕ್ಯಾಲೆಂಡರ್‌ನಲ್ಲಿ ಕಾರ್ತಿಕದ ಅಮಾವಾಸ್ಯೆ ಹುಡುಕಿ, ಅದಕ್ಕೆ ಮುಂಚೆ ಬರುವ ಸೋಮವಾರಕ್ಕೆ ಗುರುತು ಹಾಕಿ. 2023ರಲ್ಲಿ ಅದು ಡಿಸೆಂಬರ್ 11ಕ್ಕೆ ಬಂತು, 2024ರಲ್ಲಿ ನವೆಂಬರ್ 25ಕ್ಕೆ, 2025ರಲ್ಲಿ ನವೆಂಬರ್ 17ಕ್ಕೆ. ಹೆಸರಿಗೆ ಸೋಮವಾರ, ಆದರೆ ವ್ಯಾಪಾರಿಗಳು ಶನಿವಾರ, ಭಾನುವಾರವೇ ಬಂದು ಗೋಣಿಚೀಲ ಬಿಚ್ಚಿರುತ್ತಾರೆ. 2025ರಲ್ಲಂತೂ ಐದು ದಿನ ನಡೆಯಿತು. ಹಾಗಾಗಿ ಸೋಮವಾರ ಸಂಜೆಯೇ ಹೋಗಬೇಕು ಅನ್ನೋ ಹಟ ಬೇಡ. ಸಂಜೆ ದೀಪ ಚೆನ್ನಾಗಿರುತ್ತೆ, ಒಪ್ಪುತ್ತೇನೆ. ಆದರೆ ಮೂರು ವರ್ಷದ ಮಗುವಿನ ಕಣ್ಣಿಗೆ ಬೀಳೋದು ದೀಪ ಅಲ್ಲ, ಸುತ್ತ ನಿಂತವರ ಮೊಣಕಾಲು. ನನ್ನನ್ನು ಕೇಳಿದರೆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಲ್ಲಿರಿ, ಹನ್ನೊಂದಕ್ಕೆ ಹೊರಡಿ. ಆ ಹೊತ್ತಿನಲ್ಲಿ ಮಾರುವವರಿಗೂ ಮಾತಾಡೋಕೆ ಪುರುಸೊತ್ತು ಇರುತ್ತದೆ. ಸಂಜೆ ಅವರಿಗೆ ಉಸಿರಾಡೋಕೂ ಬಿಡುವಿಲ್ಲ.

ಕಾರು ಬೇಡ. ವೈಟ್‌ಫೀಲ್ಡ್‌ನಿಂದ ನೇರಳೆ ಮಾರ್ಗದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಗಾಂಧಿ ಬಜಾರಿನ ಕಡೆಗೆ ಆಟೋ. ಬುಲ್ ಟೆಂಪಲ್ ರಸ್ತೆಯಲ್ಲಿ ವಾಹನ ತಡೆದಿರುತ್ತಾರೆ, ಹಾಗಾಗಿ ಕೊನೆಯ ಸ್ವಲ್ಪ ದೂರ ನಡೆಯಲೇಬೇಕು. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿ ತರಬೇಡಿ. ಒಂದು ಸಲ ಒಬ್ಬ ತಾಯಿ ಅದನ್ನು ತಲೆ ಮೇಲೆ ಹೊತ್ತುಕೊಂಡು ಬರೋದನ್ನು ನೋಡಿದ್ದೇನೆ, ಮಗು ಅಪ್ಪನ ಹೆಗಲ ಮೇಲೆ ಆರಾಮಾಗಿ ಕೂತಿತ್ತು!

ಈಗ ನಿಮ್ಮ ಮಗನ ವಿಷಯ. ಒಂಬತ್ತು ವರ್ಷ ಅಂದರೆ ಪರಿಷೆಗೆ ಹೇಳಿ ಮಾಡಿಸಿದ ವಯಸ್ಸು. ಅವನ ಕೈಗೆ ಇನ್ನೂರು ರೂಪಾಯಿ ಮತ್ತು ಒಂದು ಬಟ್ಟೆ ಚೀಲ ಕೊಡಿ. "ಈ ವರ್ಷ ಮನೆಗೆ ಕಡಲೆಕಾಯಿ ತರುವ ಜವಾಬ್ದಾರಿ ನಿಂದು" ಅಂತ ಹೇಳಿ. ಒಂದೇ ಷರತ್ತು: ಐದು ಕಡೆ ರುಚಿ ನೋಡದೆ ಕೊಳ್ಳೋ ಹಾಗಿಲ್ಲ. ರುಚಿಗೆ ನಾಲ್ಕು ಕಾಯಿ ಕೇಳಿದರೆ ಇಲ್ಲಿ ಯಾರೂ ಬೇಡ ಅನ್ನೋದಿಲ್ಲ. ಕೇಳದೆ ರಾಶಿಗೆ ಕೈ ಹಾಕಬಾರದು ಅನ್ನೋದನ್ನು ಮಾತ್ರ ಮೊದಲೇ ಹೇಳಿಕೊಟ್ಟಿರಿ.

ಏನು ನೋಡಬೇಕು ಅಂತಲೂ ಅವನಿಗೆ ಗೊತ್ತಿರಬೇಕು. ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಲಿ. ಒಳಗೆ ಗಲಗಲ ಅಂದರೆ ಒಣಗಿದೆ ಅಂತ ಅರ್ಥ, ಸದ್ದಿಲ್ಲದಿದ್ದರೆ ಹಸಿ. ಬೇಯಿಸೋಕೆ ಹಸಿಯದು ಬೇಕು, ಇಟ್ಟುಕೊಳ್ಳೋಕೆ ಒಣಗಿದ್ದು. ಬೆರಳಲ್ಲಿ ಒತ್ತಿದರೆ ಸುಲಭವಾಗಿ ತಗ್ಗುವುದು ಜೊಳ್ಳು. ರಾಶಿಯಿಂದ ಹತ್ತು ಕಾಯಿ ತೆಗೆದು ಜೊಳ್ಳು ಎಷ್ಟು ಅಂತ ಎಣಿಸಿದರೆ ಆ ರಾಶಿಯ ಯೋಗ್ಯತೆ ಗೊತ್ತಾಗಿಬಿಡುತ್ತೆ. ಬಾದಾಮಿ, ಸಾಮ್ರಾಟ್, ಗಡಂಗ್, ನಾಟಿ ಅಂತ ಬೇರೆ ಬೇರೆ ಹೆಸರು ಹೇಳುತ್ತಾರೆ. ಒಂದೊಂದರಲ್ಲಿ ಎಷ್ಟು ಬೀಜ, ಸಿಪ್ಪೆ ಎಷ್ಟು ದಪ್ಪ, ಬೀಜದ ಬಣ್ಣ ಏನು ಅಂತ ಅವನೇ ಪಟ್ಟಿ ಮಾಡಲಿ. ನನ್ನ ಜೊತೆ ಬಂದ ಒಬ್ಬ ಹುಡುಗಿ ಪ್ರತಿ ಅಂಗಡಿಯದೂ ಎರಡೆರಡು ಕಾಯಿ ತಂದು ನೋಟ್‌ಬುಕ್ಕಿಗೆ ಅಂಟಿಸಿದ್ದಳು. ಮಾರನೇ ವಾರ ಅವಳ ಪುಸ್ತಕಕ್ಕೆ ಇರುವೆ ಮುತ್ತಿತ್ತಂತೆ, ಅದು ಬೇರೆ ಕಥೆ.

ಅಳತೆ ನೋಡೋದು ಇನ್ನೊಂದು ಮಜಾ. ತಕ್ಕಡಿಗಿಂತ ಸೇರು, ಲೀಟರ್ ಡಬ್ಬಿಯದೇ ದರ್ಬಾರು. "ಅಜ್ಜಿ, ತಲೆ ತುಂಬಾ ಹಾಕಿ" ಅಂತ ಕೇಳೋದನ್ನು ಮಗನಿಗೆ ಕಲಿಸಿ. ಸೇರಿನ ಬಾಯಿ ಮೇಲೆ ಗೋಪುರದ ಹಾಗೆ ಏರಿಸಿ, ಆಮೇಲೆ "ತಗೋ ಕಂದ" ಅಂತ ಒಂದು ಹಿಡಿ ಕೊಸರು ಹಾಕುತ್ತಾರಲ್ಲ, ಆ ಒಂದು ಹಿಡಿಗೆ ಮಕ್ಕಳ ಮುಖ ಅರಳೋದನ್ನು ನೀವೇ ನೋಡಬೇಕು. ಆನ್‌ಲೈನ್‌ನಲ್ಲಿ ತರಿಸಿದರೆ ಕೊಸರು ಎಲ್ಲಿ ಬರುತ್ತೆ ಹೇಳಿ.

ಇನ್ನೊಂದು ಆಟ ನನಗೆ ಬಹಳ ಇಷ್ಟ. ಇಲ್ಲಿಗೆ ಮಾಗಡಿ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರದ ಕಡೆಯಿಂದ ಬರುತ್ತಾರೆ. ಹಾಗೇ ತಮಿಳುನಾಡಿನ ಧರ್ಮಪುರಿ, ಕೃಷ್ಣಗಿರಿಯಿಂದ, ಆಂಧ್ರದಿಂದಲೂ ಬರುತ್ತಾರೆ. ಪ್ರತಿಯೊಬ್ಬರನ್ನೂ "ನಿಮ್ಮೂರಲ್ಲಿ ಇದಕ್ಕೆ ಏನಂತಾರೆ?" ಅಂತ ಮಗ ಕೇಳಲಿ. ತಮಿಳಿನವರು ವೇರ್ಕಡಲೈ ಅನ್ನುತ್ತಾರೆ. ತೆಲುಗಿನವರು ವೇರುಶನಗ. ಎರಡಕ್ಕೂ ಅರ್ಥ ಒಂದೇ, ಬೇರಿನ ಕಡಲೆ. ನಮ್ಮಲ್ಲೂ ನೆಲಗಡಲೆ ಅನ್ನೋ ಹೆಸರಿದೆ. ನಮ್ಮ ಉತ್ತರ ಕರ್ನಾಟಕದವರು ಸಿಕ್ಕರೆ ಶೇಂಗಾ ಅನ್ನುತ್ತಾರೆ. ಆಮೇಲೆ ಕೇಳಿ: "ಹಾಗಾದರೆ ಇದು ಬೇರಾ?" ಮಕ್ಕಳು ಎಲ್ಲರೂ ಹೌದು ಅನ್ನುತ್ತಾರೆ. ತಪ್ಪು. ಹೂ ಬಿಡೋದು ನೆಲದ ಮೇಲೆ, ಪುಟ್ಟ ಹಳದಿ ಹೂ. ಅದು ಕಟ್ಟಿದ ಮೇಲೆ ಬುಡದಿಂದ ಸೂಜಿಯಂಥ ಒಂದು ಎಳೆ ಹೊರಟು, ಕೆಳಗೆ ಬಾಗಿ, ಮಣ್ಣಿಗೆ ಚುಚ್ಚಿಕೊಂಡು ಹೋಗುತ್ತೆ. ಕಾಯಿ ಆಗೋದು ಆ ಎಳೆಯ ತುದಿಯಲ್ಲಿ, ಕತ್ತಲಲ್ಲಿ. ಗಿಡದ ಸಮೇತ ತಂದ ಕಟ್ಟು ಎಲ್ಲಾದರೂ ಕಂಡರೆ ಬಿಡಬೇಡಿ, ಹತ್ತಿರ ಹೋಗಿ ಆ ಎಳೆ ತೋರಿಸಿ.

ಕೊಂಡ ಮೇಲೆ ಎಲ್ಲಾದರೂ ಕೂತು ಸುಲಿಯೋದು. ಇದರಲ್ಲಿ ನಿಮ್ಮ ಅತ್ತೆಯೇ ಗುರು ಆಗಲಿ, ಅವರಿಗೆ ನನಗಿಂತ ಜಾಸ್ತಿ ಗೊತ್ತಿರುತ್ತೆ. ಒಡೆಯೋ ಮುಂಚೆ ಒಳಗೆ ಎಷ್ಟು ಬೀಜ ಅಂತ ಹೇಳೋ ಪಂದ್ಯ. ಮುಷ್ಟಿಯಲ್ಲಿ ಬೀಜ ಮುಚ್ಚಿಟ್ಟು "ಸರಿನೋ ಬೆಸನೋ?" ಕಾಯಿಯ ತುದಿ ಒತ್ತಿ ಬಾಯಿ ಬಿಡಿಸಿ ಕಿವಿಗೆ ಕಚ್ಚಿಸಿದರೆ ಓಲೆ. ನಾವು ಚಿಕ್ಕವರಿದ್ದಾಗ ಹುಡುಗರೂ ಹುಡುಗಿಯರೂ ಎಲ್ಲರೂ ಆ ಓಲೆ ಹಾಕಿಕೊಂಡೇ ಮನೆಗೆ ಬರುತ್ತಿದ್ದೆವು. ಬೀಜವನ್ನು ಎರಡು ಹೋಳು ಮಾಡಿದರೆ ತುದಿಯಲ್ಲಿ ಪುಟ್ಟ ಮೊಳಕೆ ಇರುತ್ತದಲ್ಲ, ನಮ್ಮಜ್ಜಿ ಅದನ್ನು "ಗಡ್ಡದ ತಾತ" ಅನ್ನುತ್ತಿದ್ದರು. ಒಂದು ಸಲ ಆ ತಾತ ಕಂಡರೆ ಮುಗೀತು, ಮಕ್ಕಳು ಪ್ರತಿ ಬೀಜದಲ್ಲೂ ಅವನನ್ನು ಹುಡುಕುತ್ತಾರೆ.

ಚಿಕ್ಕ ಮಗಳ ವಿಷಯದಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಮೂರು ವರ್ಷದ ಮಗುವಿನ ಬಾಯಿಗೆ ಇಡೀ ಕಡಲೆಬೀಜ ಹಾಕಬೇಡಿ. ಹುರಿದದ್ದೂ ಬೇಡ, ಬೇಯಿಸಿದ್ದೂ ಬೇಡ. ಆ ವಯಸ್ಸಿಗೆ ಅರೆಯುವ ಹಲ್ಲಿನ ಕೆಲಸ ಇನ್ನೂ ಪಕ್ಕಾ ಆಗಿರುವುದಿಲ್ಲ. ಬೀಜ ನುಣುಪು, ಅಳುವಾಗಲೋ ನಗುವಾಗಲೋ ಉಸಿರೆಳೆದುಕೊಂಡರೆ ನೇರ ಉಸಿರುನಾಳಕ್ಕೆ ಹೋಗಬಹುದು. ಐದು ವರ್ಷ ಆಗುವ ತನಕ ಚೆನ್ನಾಗಿ ಬೆಂದ ಬೀಜವನ್ನು ಬೆರಳಲ್ಲಿ ಹಿಸುಕಿ ನುಣ್ಣಗೆ ಮಾಡಿ ಕೊಡಿ, ಅಷ್ಟು ಸಾಕು. ಅವಳು ಇದುವರೆಗೆ ಕಡಲೆಕಾಯಿ ತಿಂದೇ ಇಲ್ಲ ಅಂದರೆ, ಮೊದಲ ರುಚಿ ಮನೆಯಲ್ಲೇ ಆಗಲಿ. ಕೆಲವು ಮಕ್ಕಳಿಗೆ ಇದರ ಅಲರ್ಜಿ ಇರುತ್ತೆ, ಅದು ಆ ಜನಜಾತ್ರೆಯಲ್ಲಿ ಗೊತ್ತಾಗೋದು ಬೇಡ. ತಿನ್ನುತ್ತಾ ಇದ್ದವಳು ಇದ್ದಕ್ಕಿದ್ದಂತೆ ಕೆಮ್ಮು ಹಿಡಿದು ನಿಲ್ಲದಿದ್ದರೆ, ಅಥವಾ ಉಸಿರಾಡುವಾಗ ಸುಯ್ ಸುಯ್ ಅಂದರೆ, ನೀರು ಕುಡಿಸಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ದೊಡ್ಡ ಮಗನಿಗೂ ಒಂದು ನಿಯಮ: ಬಾಯಲ್ಲಿ ಬೀಜ ಇದ್ದಾಗ ಓಡೋ ಹಾಗಿಲ್ಲ.

ತಿನ್ನೋದು ಬಿಟ್ಟರೆ ಅವಳಿಗೆ ಬೇಕಾದಷ್ಟಿದೆ. ಪೀಪಿ, ಬಲೂನು, ಗಿರಗಿಟ್ಟೆ, ಬಳೆ. ಬತ್ತಾಸು, ಬಣ್ಣಬಣ್ಣದ ಕಲ್ಯಾಣಸೇವೆ. ಕಡಲೆಕಾಯಿ ಸಿಪ್ಪೆಯನ್ನು ಚೀಲಕ್ಕೆ ತುಂಬುವ ಕೆಲಸ ಅವಳಿಗೆ ವಹಿಸಿ, ಅರ್ಧ ಗಂಟೆ ಸದ್ದಿಲ್ಲದೆ ಮಾಡುತ್ತಾಳೆ. ಆ ಸಿಪ್ಪೆ ಮನೆಯ ಕುಂಡಗಳಿಗೆ ಹಾಸೋಕೆ ಚೆನ್ನ.

ಹುರಿಯುವ ಬಂಡಿಯ ಹತ್ತಿರ ಹತ್ತು ನಿಮಿಷ ನಿಲ್ಲಿ, ದೂರದಿಂದ. ಬಾಣಲೆಯಲ್ಲಿ ಎಣ್ಣೆ ಇಲ್ಲ, ಮರಳಿದೆ. "ಮರಳು ಯಾಕೆ?" ಅಂತ ಮಗನನ್ನು ಕೇಳಿ. ಬರೀ ಬಾಣಲೆಯಲ್ಲಿ ಹಾಕಿದರೆ ತಳಕ್ಕೆ ತಾಗಿದ ಕಡೆ ಸೀದು ಮೇಲಿನದು ಹಸಿಯಾಗೇ ಉಳಿಯುತ್ತೆ. ಕಾದ ಮರಳು ಕಾಯಿಯನ್ನು ಎಲ್ಲಾ ಕಡೆಯಿಂದ ಮುಚ್ಚಿಕೊಂಡು ಒಂದೇ ಸಮ ಬಿಸಿ ಕೊಡುತ್ತೆ. ಜರಡಿ ಹಿಡಿದರೆ ಮರಳು ಕೆಳಗೆ, ಕಾಯಿ ಮೇಲೆ.

ತೊಟ್ಟಿಲು, ರಾಟೆ, ಕುದುರೆ ಸುತ್ತೋದು ಇವೆಲ್ಲ ಅಕ್ಕಪಕ್ಕದ ಜಾಗಗಳಲ್ಲಿ ಬರುತ್ತವೆ. ಕೈಯಲ್ಲಿ ತಿರುಗಿಸುವ ಚಿಕ್ಕದು ಚಿಕ್ಕವರಿಗೆ ಸಾಕು. ದೊಡ್ಡದಕ್ಕೆ ಸರತಿಯಲ್ಲಿ ನಿಂತು ಬೆಳಗಿನ ಒಳ್ಳೆ ಹೊತ್ತು ಕಳೆಯೋದು ನನಗಿಷ್ಟವಿಲ್ಲ.

ಕಥೆಯಿಲ್ಲದೆ ಪರಿಷೆ ಇಲ್ಲ. ಹಿಂದೆ ಇಲ್ಲೆಲ್ಲ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯ ರೈತರ ಕಡಲೆಕಾಯಿ ಹೊಲ. ಒಂದು ಬಸವ ರಾತ್ರಿ ಬಂದು ಬೆಳೆ ಮೇಯ್ದು ಹೋಗುತ್ತಿತ್ತಂತೆ. ರೈತರು ಬಸವಣ್ಣನಿಗೆ ಹರಕೆ ಹೊತ್ತು, ಮೊದಲ ಬೆಳೆ ನಿನಗೇ ಅಂದರಂತೆ. ಅದಕ್ಕೇ ಈಗಲೂ ಬಸವನಿಗೆ ತಿನ್ನಿಸಿಯೇ ಶುರು. ಗುಡಿ ಕಟ್ಟಿಸಿದ್ದು ಕೆಂಪೇಗೌಡರು ಅನ್ನುತ್ತಾರೆ. ಒಳಗಿನ ಬಸವಣ್ಣ ಒಂದೇ ಕಲ್ಲಿನದು, ಎತ್ತರ ಸುಮಾರು 15 ಅಡಿ, ಉದ್ದ 20 ಅಡಿ. ಬಸವಣ್ಣ ಬೆಳೆಯುತ್ತಲೇ ಇದ್ದನಂತೆ, ತಲೆ ಮೇಲೆ ತ್ರಿಶೂಲ ನೆಟ್ಟ ಮೇಲೆ ನಿಂತನಂತೆ. ಈ ಕಥೆಯನ್ನು ಮನೆಯಲ್ಲಿ ಹೇಳಬೇಡಿ, ಆ ಕಲ್ಲಿನ ಮುಂದೆ ನಿಂತು ಹೇಳಿ.

ಒಂದು ಸಲ ನನ್ನ ಗುಂಪಿನ ಹುಡುಗನೊಬ್ಬ ಇಲ್ಲೇ ನನ್ನನ್ನು ಸಿಕ್ಕಿಸಿದ. "ಕೆಂಪೇಗೌಡರು ಬೆಂಗಳೂರು ಕಟ್ಟಿದ್ದು 1537ರಲ್ಲಿ. ಕಡಲೆಕಾಯಿ ದಕ್ಷಿಣ ಅಮೆರಿಕದ್ದು ಅಂತ ಟೀಚರ್ ಹೇಳಿದ್ರು. ಅಷ್ಟು ಬೇಗ ಇಲ್ಲಿಗೆ ಹೇಗೆ ಬಂತು?" ಅವನ ಲೆಕ್ಕ ಸರಿಯಾಗಿತ್ತು. ಕಡಲೆಕಾಯಿ ಆ ಕಡೆಯದೇ. ನಮ್ಮ ಸೀಮೆಯಲ್ಲಿ ಹೊಲಗಟ್ಟಲೆ ಬೆಳೆಯೋಕೆ ಶುರುವಾಗಿದ್ದು 19ನೇ ಶತಮಾನದಲ್ಲಿ. ಹಾಗಾದರೆ ಬಸವ ಮೇಯ್ದಿದ್ದು ಏನು? ನಾನು ಅವನಿಗೆ ಉತ್ತರ ಕೊಡಲಿಲ್ಲ. ಹುರುಳಿ ಇರಬಹುದಾ, ಅವರೆ ಇರಬಹುದಾ, ಕಥೆಯೇ ಆಮೇಲೆ ಹುಟ್ಟಿದ್ದಾ ಅಂತ ಮಕ್ಕಳು ದಾರಿಯುದ್ದಕ್ಕೂ ಜಗಳ ಆಡಿಕೊಂಡು ಬಂದರು. ನಿಮ್ಮ ಮಗನಿಗೂ ಇದೇ ಪ್ರಶ್ನೆ ಹಾಕಿ ನೋಡಿ.

ಅತ್ತೆಯವರಿಗೆ: ಬಸವಣ್ಣನ ಗುಡಿ ಗುಡ್ಡದ ಮೇಲಿದೆ, ಮೆಟ್ಟಿಲು ಹತ್ತಬೇಕು. ಕೆಳಗೆ ದೊಡ್ಡ ಗಣಪತಿ ಇದ್ದಾನೆ, ಅಲ್ಲಿಗೆ ಅಷ್ಟು ಕಷ್ಟವಿಲ್ಲ. ದರ್ಶನ ಅಲ್ಲಿ ಮುಗಿಸಿಕೊಂಡು, ಪಕ್ಕದ ಬ್ಯೂಗಲ್ ರಾಕ್ ಉದ್ಯಾನದಲ್ಲಿ, ನಾವು ಕಹಳೆ ಬಂಡೆ ಅನ್ನೋ ಜಾಗದಲ್ಲಿ, ಮರದ ನೆರಳು ನೋಡಿ ಅವರನ್ನು ಕೂರಿಸಿ. ಅದೇ ನಿಮ್ಮ ಠಾಣೆ ಆಗಲಿ. ಕೊಂಡದ್ದೆಲ್ಲ ಅಲ್ಲಿಗೆ ಬರಲಿ, ಸುಲಿಯೋ ಆಟ ಅಲ್ಲೇ ನಡೆಯಲಿ. ಮಕ್ಕಳಿಗೆ ಆ ಬಂಡೆಯೇ ಒಂದು ಆಟದ ಮೈದಾನ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಅಂತ ಹೇಳಿದರೆ ಮಗ ನಂಬೋದಿಲ್ಲ. ಮೇಲೆ ಕೆಂಪೇಗೌಡರ ಕಾಲದ್ದು ಅನ್ನುವ ಕಾವಲು ಗೋಪುರವೂ ಇದೆ.

ತಪ್ಪಿಸಿಕೊಳ್ಳುವ ಭಯ ನನಗೂ ಇದೆ. ಹಿಂದೊಮ್ಮೆ ಹನ್ನೆರಡು ಮಕ್ಕಳನ್ನು ಸಂಜೆ ಕರೆದುಕೊಂಡು ಹೋಗಿ ಒಬ್ಬನನ್ನು ಕಾಲು ಗಂಟೆ ಕಳೆದುಕೊಂಡಿದ್ದೆ. ಅವನು ಪೀಪಿ ಮಾರುವವನ ಪಕ್ಕದಲ್ಲಿ ಆರಾಮಾಗಿ ನಿಂತಿದ್ದ, ನನ್ನ ಜೀವ ಮಾತ್ರ ಬಾಯಿಗೆ ಬಂದಿತ್ತು. ಎಲ್ಲರೂ "ಬಸವಣ್ಣನ ಗುಡಿ ಮುಂದೆ ಸಿಗೋಣ" ಅಂತ ಹೇಳಿಕೊಂಡಿದ್ದೆವು. ಅಲ್ಲಿ ಸಾವಿರ ಜನ ಇದ್ದರು. ಅವತ್ತಿನಿಂದ ಜನ ಕಮ್ಮಿ ಇರುವ, ಮಗುವಿಗೆ ಚೆನ್ನಾಗಿ ಗುರುತಾಗುವ ಜಾಗ ಹೇಳುತ್ತೇನೆ. ನಿಮ್ಮ ಫೋನ್ ನಂಬರನ್ನು ಮಗಳ ಕೈ ಮೇಲೆ ಪೆನ್ನಿನಲ್ಲಿ ಬರೆಯಿರಿ, ಮಗನಿಗೆ ಬಾಯಿಪಾಠ ಮಾಡಿಸಿ. ಜನರ ನಡುವೆ ಫೋನ್ ಸಿಗ್ನಲ್ ಕೈ ಕೊಡೋದೂ ಉಂಟು, ಅದನ್ನೇ ನಂಬಿಕೊಳ್ಳಬೇಡಿ.

ಹೊಟ್ಟೆಗೆ ಬರೀ ಕಡಲೆಕಾಯಿ ಸಾಲದು, ಜಾಸ್ತಿ ತಿಂದರೆ ಪಿತ್ತ ಅಂತ ಅತ್ತೆಯೇ ಹೇಳುತ್ತಾರೆ. ಹನ್ನೊಂದಕ್ಕೆ ಗಾಂಧಿ ಬಜಾರಿನ ಕಡೆ ಇಳಿದು ದೋಸೆ ತಿನ್ನಿ. ವಿದ್ಯಾರ್ಥಿ ಭವನದ ಮುಂದೆ ಕಾಯೋ ಜನ ನೋಡಿ ಹೆದರಿದರೆ, ಆ ಬೀದಿಯಲ್ಲಿ ಬೇರೆ ಹೋಟೆಲುಗಳಿಗೇನೂ ಬರವಿಲ್ಲ.

ಬೇಯಿಸಿದ ಕಡಲೆಕಾಯಿ ಕೊಂಡರೆ ಅವತ್ತೇ ಮುಗಿಸಿ, ಚೀಲದಲ್ಲಿ ಬಿಟ್ಟರೆ ಮಾರನೇ ದಿನ ಲೋಳೆ ಆಗುತ್ತೆ. ಹಸಿಯದನ್ನು ಮನೆಗೆ ಬಂದ ತಕ್ಷಣ ಪೇಪರ್ ಮೇಲೆ ಹರಡಿ. ಬೂಷ್ಟು ಕಂಡದ್ದು, ಕಪ್ಪಾದದ್ದು, ಕಹಿ ಬಂದದ್ದು ಒಂದನ್ನೂ ತಿನ್ನಬೇಡಿ, ಆ ಬೂಷ್ಟಿನಲ್ಲಿ ವಿಷ ಇರಬಹುದು. ಒಣಗಿದ್ದರಲ್ಲಿ ಒಂದು ಸೇರು ಎತ್ತಿಟ್ಟರೆ ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೆ ಆಗುತ್ತೆ. ಹುರಿದ ಬೀಜದ ಸಿಪ್ಪೆ ಉಜ್ಜಿ ಊದೋ ಕೆಲಸ ಮಕ್ಕಳಿಗೇ ಬಿಡಿ.

ಹಸಿ ಕಾಯಿಯಲ್ಲಿ ನಾಲ್ಕನ್ನು ಮಾತ್ರ ಬೇರೆ ಇಡಿ. ಒಂದು ವಾರ ನೆರಳಲ್ಲಿ ಒಣಗಿಸಿ, ಬೀಜ ಬಿಡಿಸಿ, ಕೆಂಪು ಸಿಪ್ಪೆ ಹರಿಯದ ಹಾಗೆ ಕುಂಡದಲ್ಲಿ ಒಂದು ಇಂಚು ಆಳಕ್ಕೆ ಊರಲು ಹೇಳಿ. ಮಣ್ಣು ಸಡಿಲವಾಗಿರಲಿ, ಕುಂಡ ಅಗಲವಾಗಿರಲಿ, ಬಿಸಿಲು ಬೀಳುವ ಜಾಗದಲ್ಲಿರಲಿ. ಬೆಂಗಳೂರಿನ ಚಳಿಗೆ ಮೊಳಕೆ ನಿಧಾನ, ಎರಡು ವಾರ ಆದರೂ ಕಾಯಿರಿ. ತಿಂಗಳು ಒಂದೂವರೆ ತಿಂಗಳಲ್ಲಿ ಹಳದಿ ಹೂ ಬರುತ್ತೆ, ಆಮೇಲೆ ಆ ಸೂಜಿಯಂಥ ಎಳೆ ಮಣ್ಣಿಗೆ ಇಳಿಯೋದನ್ನು ಮಗ ತಾನೇ ನೋಡುತ್ತಾನೆ. ನಾಲ್ಕು ತಿಂಗಳಿಗೆ ಕೀಳಬಹುದು. ಸಿಗೋದು ಒಂದು ಹಿಡಿ ಇದ್ದೀತು. ಅದನ್ನು ಯಜಮಾನರ ಕೈಗೇ ಕೊಡಿ, ಇದು ನಿಮ್ಮ ರಸ್ತೆಯ ಗಾಡಿಯಲ್ಲಿ ಸಿಗುತ್ತಾ ಅಂತ ಕೇಳಿ.